ಗಂಭೀರಮ್ಮನ ಹುಬ್ಬು

ಫೆಬ್ರವರಿ 9

ಅಕ್ಕಾ,

ನೀನು ಮಾಡಿ ಕಳಿಸಿದ ಮುನಿಸಮ್ಮ ಮೊನ್ನೆ ಪಾರ್ಸೆಲ್ಲಿನಲ್ಲಿ ಬಂದು ಇಳಿದಳು. ದಾರಿಯಲ್ಲಿ ಒಂದು ಚಕ್ರ ಕಳಚಿಕೊಂಡಿತ್ತು, ಅಷ್ಟೇ. ಬ್ಯಾಟರಿ ಹಾಕಿ ಮೇಜಿನ ಮೇಲಿಟ್ಟು ದೀಪ ಹಾಕಿದೆ. ಸರ್ರನೆ ತಿರುಗಿ ಗೋಡೆ ನೋಡುತ್ತಾ ನಿಂತಳು. ದೀಪ ಆರಿಸಿದರೆ ಮೆಲ್ಲಗೆ ಈ ಕಡೆ ಮುಖ. ಛತ್ರಿಯ ಕಡ್ಡಿ, ಹಳೆಯ ಪ್ರಿಂಟರಿನ ಮೋಟಾರು ಇಷ್ಟರಲ್ಲೇ ಇಂಥ ಸಿಡುಕನ್ನು ಹೇಗೆ ತುಂಬಿದೆಯೋ! ಅವಳನ್ನು ನನ್ನ ಆಕಳಿಕಪ್ಪನ ಪಕ್ಕದಲ್ಲಿ ಕೂರಿಸಿದ್ದೇನೆ. ಯಾರಾದರೂ ಬಿಡದೆ ಮಾತಾಡಿದರೆ ಅವನು ಬಾಯಿ ತೆರೆಯುತ್ತಾನೆ, ಇವಳು ಬೆನ್ನು ತೋರಿಸುತ್ತಾಳೆ. ಕಳೆದ ವಾರ ನಮ್ಮ ಕಾರ್ಖಾನೆಯ ಮಾಲೀಕರು ಮನೆಗೆ ಬಂದಾಗ ಆಕಳಿಕಪ್ಪ ಒಬ್ಬನೇ ಇದ್ದ. "ಏನಯ್ಯಾ, ಈ ತಗಡಿನ ಗೊಂಬೆಗೂ ನನ್ನ ಮಾತು ಬೇಜಾರಾ?" ಅಂದು ನಕ್ಕರು. ಬಂದ ವಿಷಯ ಹೇಳಲು ಅವರಿಗೆ ಕಷ್ಟವಾಗುತ್ತಿತ್ತು, ಪಾಪ.

ವಿಷಯ ಇಷ್ಟೇ. ಅಂಗಡಿಯ ಗಾಜಿನ ಹಿಂದೆ ಸೀರೆ ಉಟ್ಟು ನಿಲ್ಲುವ ಬೊಂಬೆಗಳಿಗೆ ಇಷ್ಟು ವರ್ಷ ನಾನೇ ಹುಬ್ಬು ಬರೆಯುತ್ತಿದ್ದೆನಲ್ಲ, ಇನ್ನು ಮೇಲೆ ಅದನ್ನು ಬೇರೆಯವರು ಬರೆಯುತ್ತಾರೆ. ನನ್ನನ್ನು ಮೇಲ್ವಿಚಾರಣೆಗೆ ಹಾಕಿದ್ದಾರೆ. ಕುರ್ಚಿ, ಸೀಟಿ, ಎಲ್ಲ ಉಂಟು.

ಈಗ ನಿನ್ನಿಂದ ನನಗೊಂದು ಕೈ ಬೇಕು. ತಮಾಷೆಯಲ್ಲ. ಭುಜ, ಮೊಣಕೈ, ಮಣಿಕಟ್ಟು, ಪೆನ್ನು ಹಿಡಿಯಲು ಎರಡು ಬೆರಳು. ನಾನು ಅದರ ಕೈ ಹಿಡಿದು ಒಮ್ಮೆ ಬರೆಸಿದರೆ ಅದು ನೆನಪಿಟ್ಟುಕೊಂಡು ಆಮೇಲೆ ತಾನೇ ಹಾಗೆಯೇ ಬರೆಯಬೇಕು. ನನ್ನ ಗೆರೆ ಎಲ್ಲಾದರೂ ಉಳಿಯಬೇಕು ಅನ್ನಿಸಿದೆ. ಬೊಂಬೆಗಳ ಮುಖದ ಮೇಲಿರುವುದು ಬಿಸಿಲಿಗೆ ಅಳಿಸಿಹೋಗುತ್ತದೆ. ಇದಕ್ಕೊಂದು ಕಾರಣವೂ ಇದೆ, ಕೈ ಬಂದ ಮೇಲೆ ಬರೆಯುತ್ತೇನೆ.

ಫೋನು ಮಾಡಬೇಡ. ಯಂತ್ರದ ಮಾತು ಫೋನಿನಲ್ಲಿ ಎತ್ತಿ ನಾವು ಜಗಳವಾಡದೆ ಇಟ್ಟದ್ದೇ ಇಲ್ಲ.

ನಿನ್ನ ತಮ್ಮ


ಏಪ್ರಿಲ್ 21

ಮೇಲ್ವಿಚಾರಕ ಮಹಾಶಯರಿಗೆ,

ಕೊನೆಗೂ ನಿಮ್ಮ ಕೈ ಸಿದ್ಧವಾಗಿದೆ, ಈ ಪತ್ರದ ಕೆಳಗೇ ಇದೆ. ಹುಲ್ಲಿನ ಮಧ್ಯೆ ಮೆಲ್ಲಗೆ ಕೈಯಾಡಿಸಿ ತೆಗೆ. ತೋಳು ಕಿಟಕಿಯ ಪರದೆ ತೂಗುಹಾಕುವ ಕೊಳವೆ. ಗೆಣ್ಣುಗಳನ್ನು ಮಾತ್ರ ನಾವು ಲ್ಯಾಬಿನಲ್ಲಿ ಕೃತಕ ಹಲ್ಲಿನ ಕವಚಕ್ಕೆ ಬಳಸುವ ಲೋಹದಲ್ಲಿ ಎರಕ ಹೊಯ್ದೆ. ನಮ್ಮ ದಂತವೈದ್ಯರು ನೋಡಿ, "ಇದ್ಯಾವ ರೋಗಿಗಮ್ಮಾ, ಬಾಯಲ್ಲಿ ಬೆರಳಿರೋನು?" ಅಂದರು. "ನನ್ನ ತಮ್ಮ ಡಾಕ್ಟ್ರೇ, ಅವನಿಗೆ ಬೆರಳು ಬಾಯಿಂದ ತೆಗೆಯೋ ಅಭ್ಯಾಸ ಇನ್ನೂ ಬಂದಿಲ್ಲ" ಅಂದೆ.

ಕೆಂಪು ಬಟನ್ ಒತ್ತಿ ಕೈ ಹಿಡಿದು ಬರೆಸು, ಕಲಿಯುತ್ತದೆ. ಹಸಿರು ಒತ್ತಿದರೆ ತಾನೇ ಬರೆಯುತ್ತದೆ. ಕಲಿತದ್ದೆಲ್ಲ ಪಕ್ಕದ ಸಣ್ಣ ಕಾರ್ಡಿನಲ್ಲಿ ಕೂರುತ್ತದೆ.

ಒಂದು ಕೊರತೆ ಇದೆ, ಮುಚ್ಚಿಡುವುದಿಲ್ಲ. ಪರೀಕ್ಷೆಗೆಂದು ನಾನೇ ಅದರ ಕೈ ಹಿಡಿದು ಒಂದು ತಟ್ಟೆಯ ಸುತ್ತ ಗೆರೆ ಎಳೆಸಿದೆ. ಹಸಿರು ಒತ್ತಿ ನೋಡಿದರೆ ತಟ್ಟೆಯ ಅಂಚೆಲ್ಲ ಗರಗಸ! ಮೋಟಾರು ಬದಲಿಸಿದೆ, ಗೇರು ಬದಲಿಸಿದೆ, ಪ್ರತಿಯೊಂದು ತಿರುಪನ್ನೂ ಬಿಗಿದೆ. ಅದು ಟಕಟಕ ನಡುಗುವುದನ್ನು ಬಿಡಲಿಲ್ಲ. ಕೊನೆಗಾಲದಲ್ಲಿ ಅಪ್ಪ ಕ್ಷೌರದ ಕತ್ತರಿ ಹಿಡಿಯುತ್ತಿದ್ದರಲ್ಲ, ಗಿರಾಕಿಗಳು ಕಿವಿ ಮುಚ್ಚಿಕೊಂಡು ಕೂರುತ್ತಿದ್ದರಲ್ಲ, ಥೇಟ್ ಹಾಗೆ. ಅಪ್ಪನೇ ಬಂದು ಈ ಕೊಳವೆಯೊಳಗೆ ಸೇರಿಕೊಂಡರಾ ಅಂತ ಒಬ್ಬಳೇ ನಕ್ಕೆ. ಇಪ್ಪತ್ತು ವರ್ಷ ಮೇಣದಲ್ಲಿ ಹಲ್ಲು ಕೆತ್ತಿದವಳು ನಾನು, ನನ್ನ ಕೈ ಗರಗಸ ಬರೆಯುವುದಿಲ್ಲ. ಆದ್ದರಿಂದ ತಪ್ಪು ಯಂತ್ರದ್ದೇ. ಆ ನಡುಕವನ್ನು ಸವರಿ ನುಣುಪು ಮಾಡುವ ಒಂದು ಸಣ್ಣ ಪ್ರೋಗ್ರಾಂ ಬರೆದು ನನ್ನ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದೇನೆ. ನಿನಗೆ ಬೇಕಾದರೆ ಹೇಳು. ನಿನ್ನ ಗೆರೆಯೂ ನಡುಗಿದರೆ ಗಾಬರಿಪಡಬೇಡ, ಅದು ಅದರ ಹುಟ್ಟುಗುಣ.

ಲ್ಯಾಬಿನಲ್ಲಿ ಕೆಲಸ ಹೆಚ್ಚು. ಈ ತಿಂಗಳು ಎರಡು ಹಲ್ಲು ವಾಪಸ್ ಬಂದವು, ಬಾಯಿಗೆ ಕೂರಲಿಲ್ಲವಂತೆ. ಅಚ್ಚು ತೆಗೆದವರು ಎಳಸು, ಬೈಗುಳ ನನಗೆ.

ಆ ಕಾರಣ ಏನೋ ಬರೆಯುತ್ತೇನೆ ಅಂದಿದ್ದೆ. ಬರೆ.

ಅಕ್ಕ


ಏಪ್ರಿಲ್ 30

ಅಕ್ಕಾ,

ಕೈ ಬಂತು. ಬಹಳ ಚೆನ್ನಾಗಿದೆ. ಗೆಣ್ಣುಗಳನ್ನು ಒಂದೊಂದಾಗಿ ಮಡಚಿ ಬಿಚ್ಚಿ ನೋಡಿದೆ.

ಬರೆಯುತ್ತೇನೆ ಅಂದಿದ್ದ ಕಾರಣ ಅಂಥದ್ದೇನೂ ಅಲ್ಲ. ಮರೆತುಬಿಡು.

ಒಂದು ಮಾತು. ಬಿಡುವಾದಾಗ ದೊಡ್ಡಾಸ್ಪತ್ರೆಗೆ ಹೋಗಿ ಒಮ್ಮೆ ತೋರಿಸಿಕೊಂಡು ಬಾ. ಎಲ್ಲ ಪರೀಕ್ಷೆಯೂ ಆಗಲಿ. ನಮ್ಮ ವಯಸ್ಸಿನವರು ತೋರಿಸಿಕೊಳ್ಳುವುದು ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ವಾಪಸ್ ಬಂದ ಹಲ್ಲು ಎರಡೇನಾ, ಇನ್ನೂ ಇದ್ದವಾ?

ಟೈಪು ಮಾಡಿದ್ದಕ್ಕೆ ಬೇಸರಿಸಬೇಡ. ಆಫೀಸಿನಲ್ಲಿ ಯಂತ್ರ ಖಾಲಿ ಇತ್ತು.

ತಮ್ಮ


ಮೇ 18

ದೊರೆಗಳೇ,

ಕುರ್ಚಿ ಸಿಕ್ಕಿದ್ದೇ ತಡ, ಒಡಹುಟ್ಟಿದವಳಿಗೂ ಟೈಪು ಮಾಡಿದ ಪತ್ರ! ಇನ್ನು ಮುಂದಿನದಕ್ಕೆ ಮೊಹರು ಒತ್ತಿ ಕಳಿಸು. ನಿನ್ನ ಮುತ್ತಿನಂಥ ಅಕ್ಷರ ನೋಡಲೆಂದೇ ನಾನು ಪತ್ರ ಒಡೆಯುವುದು, ಒಳಗಿನ ಸುದ್ದಿ ಯಾರಿಗೆ ಬೇಕು.

ಆಸ್ಪತ್ರೆ ಯಾಕೆ? ಕಲ್ಲುಗುಂಡಿನ ಹಾಗಿದ್ದೇನೆ. ಅಪ್ಪನನ್ನು ಕರೆದುಕೊಂಡು ಆ ಬೆಂಚುಗಳ ಮೇಲೆ ಕಾದಿದ್ದು ಸಾಲದೇ? ನಿನಗೆ ನನ್ನ ಹಲ್ಲಿನ ಲೆಕ್ಕ ಯಾಕೋ ತಿಳಿಯದು. ಇನ್ನೂ ಮೂರು ಬಂದವು. ಹೊಸ ಮೇಣ ಸರಿಯಿಲ್ಲ.

ಒಳ್ಳೆಯ ಸುದ್ದಿ ಕೇಳು. ನವೆಂಬರಿನಲ್ಲಿ ನಮ್ಮಲ್ಲಿ ಮನೆಯಲ್ಲೇ ಯಂತ್ರ ಮಾಡುವವರ ಪ್ರದರ್ಶನ ಇದೆ. ಉಪಯೋಗಕ್ಕೆ ಬರುವ ಯಂತ್ರ ತಂದರೆ ಬಾಗಿಲಲ್ಲೇ ವಾಪಸ್ ಕಳಿಸುತ್ತಾರಂತೆ, ನಮಗಾಗಿಯೇ ಮಾಡಿದ ನಿಯಮ. ಹೋದ ಸಲ ಒಬ್ಬರು ಸದಾ ತನ್ನ ಚಪ್ಪಲಿ ಹುಡುಕುವ ರೋಬೋಟು ತಂದಿದ್ದರು. ನಾನು ನಿಂತಲ್ಲೇ ನಕ್ಕು ಸುಸ್ತಾದೆ. ನಿನ್ನ ಕೈಯಿಂದ ಏನಾದರೂ ಮಾಡಿ ಕಳಿಸು. ಇಬ್ಬರ ಹೆಸರಲ್ಲೂ ಇಡುತ್ತೇನೆ.

ಅಕ್ಕ


ಆಗಸ್ಟ್ 11

ಬದುಕಿದ್ದೀಯಾ? ಇದ್ದರೆ ಟೈಪಾದರೂ ಮಾಡು.

ಅಕ್ಕ


ಅಕ್ಟೋಬರ್ 27

ಅಕ್ಕಾ,

ಬದುಕಿದ್ದೇನೆ, ಇದೂ ಟೈಪೇ. ಕೈಯನ್ನು ಪ್ರದರ್ಶನಕ್ಕೆ ಕಳಿಸುತ್ತಿದ್ದೇನೆ.

ಮೇ ತಿಂಗಳಿಂದ ಪ್ರತಿ ಬೆಳಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಅದರ ಕೈ ಹಿಡಿದು ಒಂದೊಂದು ಮುಖ ಬರೆಸಿದ್ದೇನೆ. ಎಲ್ಲವೂ ಒಬ್ಬಳದೇ, ಗಂಭೀರಮ್ಮನದು. ನಮ್ಮ ಕಾರ್ಖಾನೆಯ ಅತಿ ಹಳೆಯ ಅಚ್ಚಿನ ಬೊಂಬೆ ಅವಳು. ಎಂಥ ಬಟ್ಟೆ ಉಡಿಸಿದರೂ ನಗುವುದಿಲ್ಲ ಅಂತ ನಾವೇ ಇಟ್ಟ ಹೆಸರು. ಅವಳ ಎಡ ಹುಬ್ಬಿನಿಂದ ಶುರುವಾಗಿ ಪೆನ್ನು ಎತ್ತದೆ ಗಲ್ಲಕ್ಕೆ ಬಂದು ಮುಗಿಯಬೇಕು. ಆ ಒಂದು ಗೆರೆಯನ್ನು ಎಷ್ಟು ಸಾವಿರ ಸಲ ಎಳೆದಿದ್ದೇನೋ! ಕಣ್ಣು ಮುಚ್ಚಿದರೂ ಕೈ ತಾನೇ ಹೋಗುತ್ತಿತ್ತು.

ಹೀಗೆ ಮಾಡು. ಉದ್ದದ ಕಾಗದದ ಸುರುಳಿ ಇಡು. ಮೊದಲನೆಯ ಮುಖದಿಂದ ಕೊನೆಯದರವರೆಗೆ ಕ್ರಮ ತಪ್ಪದೆ ಬರೆಯಲಿ, ಮಧ್ಯೆ ನಿಲ್ಲಿಸಬೇಡ. ಕೊನೆಕೊನೆಗೆ ಏನು ಕಂಡರೂ ನಿಲ್ಲಿಸಬೇಡ. ಯಾವುದನ್ನೂ ಮುಟ್ಟಬೇಡ. ನಾನು ಇದುವರೆಗೆ ಮಾಡಿದ್ದರಲ್ಲಿ ನನಗೆ ನಾಚಿಕೆ ತರದೆ ಇರುವುದು ಇದೊಂದೇ. ನನ್ನ ಕಂಪ್ಯೂಟರಿಗೆ ಆ ಕಾರ್ಡು ಓದಲು ಬರುವುದಿಲ್ಲ, ಹಾಗಾಗಿ ಇನ್ನೊಂದು ಪ್ರತಿ ಇಲ್ಲ. ಪ್ರದರ್ಶನ ಮುಗಿಯಲಿ, ಎಲ್ಲವನ್ನೂ ಬರೆಯುತ್ತೇನೆ. ಈ ಸಲ ನಿಜವಾಗಿ.

ತಮ್ಮ


ನವೆಂಬರ್ 24

ತಮ್ಮಾ, ಮೊದಲ ಬಹುಮಾನ!

ಕೂತುಕೊಂಡು ಓದು. ಆ ದೊಡ್ಡ ಹಜಾರದಲ್ಲಿ ನಮ್ಮ ಮೇಜಿನ ಮುಂದೆ ನಿಂತಷ್ಟು ಜನ ಬೇರೆ ಎಲ್ಲೂ ನಿಲ್ಲಲಿಲ್ಲ. ಕೈ ಬರೆಯುತ್ತಾ ಹೋಯಿತು, ಸುರುಳಿ ಬಿಚ್ಚುತ್ತಾ ಹೋಯಿತು, ಗಂಭೀರಮ್ಮನ ಪಕ್ಕ ಗಂಭೀರಮ್ಮ, ಅವಳ ಪಕ್ಕ ಮತ್ತೊಬ್ಬ ಗಂಭೀರಮ್ಮ. ತೀರ್ಪು ಕೊಡಲು ಬಂದಿದ್ದ ಶಿಲ್ಪಿಯೊಬ್ಬರು ಬಗ್ಗಿ ಬಗ್ಗಿ ನೋಡಿ, "ಏನಮ್ಮಾ ಇದು, ಒಂದು ಕೂದಲೆಳೆನೂ ಆ ಕಡೆ ಈ ಕಡೆ ಇಲ್ವಲ್ಲ! ಯಾರದು ಈ ಕೈ?" ಅಂದರು. "ನನ್ನ ತಮ್ಮಂದು" ಅಂತ ಇಡೀ ಹಜಾರಕ್ಕೆ ಕೇಳುವ ಹಾಗೆ ಹೇಳಿದೆ.

ಈಗ ಒಂದು ವಿಷಯ ಒಪ್ಪಿಕೊಳ್ಳಬೇಕು. ಮುಟ್ಟಬೇಡ ಅಂದಿದ್ದೆ, ಸ್ವಲ್ಪ ಮುಟ್ಟಿದೆ. ಪ್ರದರ್ಶನಕ್ಕೆ ಮುಂಚೆ ಮನೆಯಲ್ಲಿ ಒಮ್ಮೆ ಓಡಿಸಿ ನೋಡಿದೆ. ಮೊದಲ ಮುಖಗಳು ಪರವಾಗಿಲ್ಲ, ಆಮೇಲಿನವು ಬರಬರುತ್ತಾ ನಡುಗಿ ನಡುಗಿ, ಹುಬ್ಬು ಬೆದರಿದ ಬೆಕ್ಕಿನ ಬಾಲದ ಹಾಗೆ. ಕೊನೆಯವು ಮುಖವೇ ಅಲ್ಲ. ಬರೀ ಗೀಚು, ಪೆನ್ನು ಕಾಗದಕ್ಕೆ ತಾಗಿದ್ದೇ ಅಪರೂಪ. ನೋಡಿದ ತಕ್ಷಣ ಗೊತ್ತಾಯಿತು: ನಾನು ಏಪ್ರಿಲ್ಲಿನಲ್ಲಿ ಹೇಳಿದ್ದೆನಲ್ಲ ಆ ಕೊರತೆ, ಅದು ಗೇರು ಸವೆದಂತೆಲ್ಲ ದಿನದಿನಕ್ಕೆ ಹೆಚ್ಚಿದೆ. ನೀನು ಬೆಳಗ್ಗೆ ಎದ್ದು ಎದ್ದು ಬರೆಸಿದ್ದು ನನ್ನ ಕೆಟ್ಟ ಗೇರಿನಿಂದ ಹಾಳಾಯಿತಲ್ಲ ಅಂತ ಅಳು ಬಂತು. ಆ ಜನರ ಮುಂದೆ ನಿನ್ನ ಗೆರೆ ನಗೆಪಾಟಲಾಗಲು ನಾನು ಬಿಡುತ್ತೇನೆಯೇ?

ನನ್ನ ಪ್ರೋಗ್ರಾಂ ತೆಗೆದು ಒಂದೊಂದೇ ಮುಖವನ್ನು ಸವರಿದೆ. ಸವರಲೂ ಆಗದ ಕೊನೆಯವುಗಳ ಜಾಗದಲ್ಲಿ ಮೊದಲನೆಯದನ್ನೇ ಕೂರಿಸಿದೆ. ಎಲ್ಲವನ್ನೂ ಅದೇ ಕಾರ್ಡಿನ ಮೇಲೆ ಮತ್ತೆ ಬರೆದಿದ್ದೇನೆ, ಈಗ ಯಾವಾಗ ಹಸಿರು ಒತ್ತಿದರೂ ಶುದ್ಧ ನಿನ್ನ ಗೆರೆಯೇ ಬರುತ್ತದೆ. ಸುರುಳಿಯ ಫೋಟೋ ಇಟ್ಟಿದ್ದೇನೆ, ನೋಡು.

ಎಲ್ಲವನ್ನೂ ಬರೆಯುತ್ತೇನೆ ಅಂದಿದ್ದೆಯಲ್ಲ, ಈಗ ಬರೆ. ಯಾರಾದರೂ ಹೆಣ್ಣು ಸಿಕ್ಕಿದಳೇನೋ? ನಾನೇನೂ ಅನ್ನುವುದಿಲ್ಲ.

ಅಕ್ಕ


ಡಿಸೆಂಬರ್ 2

ಅಕ್ಕಾ,

ಇದನ್ನು ಪಕ್ಕದ ಮನೆಯ ಟೈಲರಮ್ಮ ಬರೆಯುತ್ತಿದ್ದಾರೆ, ನಾನು ಹೇಳುತ್ತಿದ್ದೇನೆ. ಮೊದಲು ಒಂದು ಬೈಗುಳ ಹೇಳಿದೆ, ಅದನ್ನು ಅವರು ಬರೆಯಲೊಲ್ಲರು. ಅದು ಇಲ್ಲಿತ್ತು ಅಂತ ತಿಳಿದುಕೋ.

ಗೇರು ಸವೆದಿರಲಿಲ್ಲ. ಸವೆದದ್ದು ನಾನು.

ಅಪ್ಪನ ಆ ನಡುಕದ ಕಾಯಿಲೆ ನನಗೆ ಬಂದು ಎರಡು ವರ್ಷವಾಯಿತು. ಜನವರಿಯಲ್ಲಿ ಒಂದು ಬೊಂಬೆಯ ಹುಬ್ಬು ಕಿವಿಯವರೆಗೆ ಹೋಯಿತು. ಮಾಲೀಕರು ಮನೆಗೆ ಬಂದದ್ದು ಅದಕ್ಕೆ. ಮೇಲ್ವಿಚಾರಣೆಯೂ ಇರಲಿಲ್ಲ, ಕುರ್ಚಿಯೂ ಇರಲಿಲ್ಲ. ಆಗಸ್ಟಿನವರೆಗೆ ಪೆಟ್ಟಿಗೆಗೆ ಹುಲ್ಲು ತುಂಬುವ ಕೆಲಸ ಮಾಡಿದೆ. ಈಗ ಅದೂ ಇಲ್ಲ. ಬಟ್ಟಲು ಹಿಡಿಯಲು ಎರಡು ಕೈ ಬೇಕು, ಅಂಗಿಯ ಗುಂಡಿ ಹಾಕಲು ಟೈಲರಮ್ಮ ಬೇಕು.

ಆ ಮುಖಗಳಲ್ಲಿ ಇದ್ದದ್ದು ಅದೇ. ಮೊದಲನೆಯ ಬೆಳಗಿನಲ್ಲಿ ನನ್ನ ಕೈ ಹೇಗಿತ್ತು, ಒಂದು ವಾರ ಬಿಟ್ಟು ಹೇಗಾಯಿತು, ಮಳೆಗಾಲ ಮುಗಿಯುವ ಹೊತ್ತಿಗೆ ಹೇಗಾಯಿತು. ಗಂಭೀರಮ್ಮ ನನ್ನ ಕೈಯಿಂದ ಜಾರಿ ಜಾರಿ ಹೋಗುವುದನ್ನು ಒಂದು ದಿನವೂ ಬಿಡದೆ ಆ ಯಂತ್ರಕ್ಕೆ ಕಲಿಸಿದೆ. ಕೊನೆಯ ದಿನ ಪೆನ್ನು ಕಾಗದ ಮುಟ್ಟಲೇ ಇಲ್ಲ. ಅವತ್ತು ಕೂಡ ಪೂರ್ತಿ ಮುಖ ಬರೆದೆ ಅಕ್ಕಾ, ಗಾಳಿಯಲ್ಲಿ, ಹುಬ್ಬಿನಿಂದ ಗಲ್ಲದವರೆಗೆ. ನೀನು ಸವರಲೂ ಆಗದ್ದು ಅಂತ ತೆಗೆದುಹಾಕಿದ್ದು ಅದನ್ನೇ.

ಆ ಶಿಲ್ಪಿಗೆ ಹೇಳು, ಅದು ನನ್ನ ಕೈಯಲ್ಲ ಅಂತ. ಒಂದೇ ಮುಖವನ್ನು ನೂರು ಸಲ ತಪ್ಪಿಲ್ಲದೆ ಬರೆಯಲು ರಬ್ಬರಿನ ಮೊಹರು ಸಾಕು. ಫೋಟೋ ಹರಿದು ಹಾಕೋಣ ಅಂದರೆ ಅದಕ್ಕೂ ಬೆರಳು ಕೂಡಿ ಬರಲಿಲ್ಲ.

ಹಳೆಯದನ್ನು ಕಾರ್ಡಿನಿಂದ ತೆಗೆಯಲು ಆಗುತ್ತದೆಯೇ ನೋಡು. ಆಗದಿದ್ದರೆ ಬರೆಯಬೇಡ. ಬರಲೂ ಬೇಡ. ಬಂದರೆ ನನ್ನನ್ನೂ ಸರಿಮಾಡಲು ಕೂರುತ್ತೀಯ.

ತಮ್ಮ


ಡಿಸೆಂಬರ್ 11

ತಮ್ಮಾ,

ಬರೆಯಬೇಡ ಅಂದರೂ ಬರೆಯುತ್ತಿದ್ದೇನೆ. ಕಾರ್ಡಿನಲ್ಲಿ ಏನೂ ಉಳಿದಿಲ್ಲ. ನಾನು ನೋಡಿದೆ, ಕಂಪ್ಯೂಟರ್ ರಿಪೇರಿ ಮಾಡುವವರ ಹತ್ತಿರ ಕೊಂಡುಹೋದೆ. "ಮೇಲೆ ಮೇಲೆ ಬರ್ದುಬಿಟ್ಟಿದ್ದೀರಲ್ಲಮ್ಮ, ಇನ್ನೇನು ಸಿಗುತ್ತೆ" ಅಂದರು. ನನಗೆ ಕ್ಷಮೆ ಕೇಳುವ ಮುಖವಿಲ್ಲ. ಅಪ್ಪನ ಬಾಯಿಗೆ ಅನ್ನ ಇಟ್ಟವಳು ನಾನು. ಆ ನಡುಕ ಬೆಕ್ಕಿನ ಬಾಲದ ಹಾಗಿದೆ ಅಂತ ಬರೆದೆನಲ್ಲ.

ಆದರೆ ನಾನು ಕುರುಡಿಯಲ್ಲ, ಯಾಕೆ ಕಾಣಲಿಲ್ಲ ಅಂತ ಮೂರು ದಿನ ಯೋಚಿಸಿದೆ. ಯಂತ್ರದ ಕೊರತೆ ಅಂತ ನನಗೆ ಖಾತ್ರಿಯಿತ್ತು, ಅದಕ್ಕೇ. ಏಪ್ರಿಲ್ಲಿನಲ್ಲಿ ನಾನು ಹಿಡಿದಾಗಲೂ ನಡುಗಿತ್ತಲ್ಲ.

ಗೇರು ಸವೆದಿಲ್ಲ ಅಂದೆ ನೀನು. ಬಿಚ್ಚಿ ನೋಡಿದೆ, ಸವೆದಿಲ್ಲ. ನಿನ್ನೆ ಲ್ಯಾಬಿನಲ್ಲಿ ಎಲ್ಲರೂ ಊಟಕ್ಕೆ ಎದ್ದಾಗ ಆ ಕೈಯನ್ನು ನಾವು ಅಚ್ಚು ಉಜ್ಜುವ ತಿರುಗುಪೀಠಕ್ಕೆ ತಂತಿಯಿಂದ ಕಟ್ಟಿದೆ. ಯಾರ ಕೈಯೂ ತಾಗದ ಹಾಗೆ. ಕೆಂಪು ಒತ್ತಿ ಪೀಠ ತಿರುಗಿಸಿದೆ, ಆಮೇಲೆ ತಂತಿ ಬಿಚ್ಚಿ ಹಸಿರು ಒತ್ತಿದೆ. ಎಂಥ ದುಂಡು ಗೆರೆ ಬಂತು ಗೊತ್ತಾ! ಎಲ್ಲಿಯೂ ಗರಗಸದ ಒಂದು ಹಲ್ಲಿಲ್ಲ. ಯಂತ್ರದಲ್ಲಿ ಕೊರತೆ ಎಂದೂ ಇರಲಿಲ್ಲ.

ಆಮೇಲೆ ನನ್ನ ಕೈ ಇಟ್ಟು ಅದೇ ದುಂಡನ್ನು ಬರೆಸಿದೆ. ಮತ್ತೆ ಅದೇ ಗರಗಸ.

ಡಾಕ್ಟರು ಒಳಗೆ ಬಂದು, "ಯಾಕಮ್ಮಾ, ಊಟ ಮಾಡ್ಲಿಲ್ವಾ?" ಅಂದರು. ಹಸಿವಿಲ್ಲ ಅಂದೆ. ವಾಪಸ್ ಬಂದ ಹಲ್ಲುಗಳ ಡಬ್ಬಿ ಅವರ ಮೇಜಿನ ಮೇಲೆಯೇ ಇತ್ತು. ಮೇಣ ಸರಿಯಿಲ್ಲ ಅಂದಾಗಲೆಲ್ಲ ಅವರು ಹೂಂ ಅನ್ನುತ್ತಿದ್ದರು, ಮುಖ ನೋಡುತ್ತಿರಲಿಲ್ಲ. ಅವರಿಗೂ ತಿಳಿದಿತ್ತೋ ಏನೋ.

ಏಪ್ರಿಲ್ಲಿನ ನಿನ್ನ ಪತ್ರ ತೆಗೆದು ಮತ್ತೆ ಓದಿದೆ. ಆಸ್ಪತ್ರೆಗೆ ಹೋಗು ಅಂದಿದ್ದೀಯ. ಎಷ್ಟು ಹಲ್ಲು ಅಂತ ಕೇಳಿದ್ದೀಯ. ಕಾರಣ ಹೇಳುತ್ತೇನೆ ಅಂದವನು ಏನೂ ಇಲ್ಲ ಅಂದುಬಿಟ್ಟಿದ್ದೀಯ. ನಿನಗೆ ಅವತ್ತೇ ತಿಳಿಯಿತು ಅಲ್ಲವಾ? ನನಗೆ ಯಾಕೋ ಹೇಳಲಿಲ್ಲ?

ಭಯವಾಗುತ್ತಿದೆ. ಇದನ್ನು ಬೇರೆ ಯಾರಿಗೂ ಹೇಳಿಲ್ಲ.

ಅಕ್ಕ


ಡಿಸೆಂಬರ್ 20

ಅಕ್ಕಾ,

ತಿಳಿದಿತ್ತು. ತಟ್ಟೆಯ ಅಂಚು ಗರಗಸವಾಯಿತು ಅಂತ ಓದಿದ ಕೂಡಲೇ ತಿಳಿಯಿತು. ನನ್ನದು ಶುರುವಾದದ್ದೂ ಹಾಗೆಯೇ. ನಾನು ಕುಂಚವನ್ನು ಬೈದೆ, ನೀನು ಮೋಟಾರನ್ನು ಬೈದೆ. ಅವತ್ತು ನಿನಗೆ ನನ್ನ ವಿಷಯ ಬರೆಯಲು ಕಾಗದ ತೆಗೆದು ಕೂತಿದ್ದೆ. ನನ್ನದು ಬರೆದರೆ ನಿನ್ನದು ನಿನಗೆ ತಿಳಿದುಬಿಡುತ್ತದೆ, ನೀನೇನು ದಡ್ಡಿಯಲ್ಲ. ಗೊತ್ತಿಲ್ಲದೆ ಇರುವಷ್ಟು ದಿನ ನೆಮ್ಮದಿಯಾಗಿ ಹಲ್ಲು ಕೆತ್ತಿಕೊಂಡಿರಲಿ ಅಂತ ಬಿಟ್ಟೆ. ಅದು ಸರಿಯೋ ತಪ್ಪೋ ನನಗೆ ಈಗಲೂ ತಿಳಿಯದು. ಹೇಳಿದ್ದರೆ ನನ್ನ ಮುಖಗಳು ಉಳಿಯುತ್ತಿದ್ದವು, ನಿನಗೆ ಎಂಟು ತಿಂಗಳು ಮುಂಚೆ ಔಷಧಿ ಶುರುವಾಗುತ್ತಿತ್ತು. ಇಬ್ಬರದನ್ನೂ ನಾನೇ ಹಾಳುಮಾಡಿದೆ ಅಂತ ಒಂದೊಂದು ಸಲ ಅನ್ನಿಸುತ್ತದೆ. ಇನ್ನೊಂದು ಸಲ ನಿನ್ನ ಮೇಲೆ ಸಿಟ್ಟು ಬರುತ್ತದೆ, ಅದೂ ಹೋಗಿಲ್ಲ, ಸುಳ್ಳು ಹೇಳುವುದಿಲ್ಲ. ಟೈಲರಮ್ಮ ಮೂಗು ಒರೆಸಿಕೊಳ್ಳುತ್ತಿದ್ದಾರೆ. ಬರೀರಿ ಅಂದರೆ ಬರೆಯುತ್ತಿಲ್ಲ.

ಕೈಯನ್ನು ನನಗೆ ವಾಪಸ್ ಕಳಿಸುತ್ತೇನೆ, ಮತ್ತೆ ಕಲಿಸು ಅಂತ ನೀನು ಬರೆಯುತ್ತೀಯ, ನನಗೆ ಗೊತ್ತು. ಬೇಡ. ಮೊನ್ನೆ ಮೇಜಿನ ಮೇಲಿನ ಪೆನ್ನು ತೆಗೆಯಲು ಹೋಗಿ ಆಕಳಿಕಪ್ಪನನ್ನು ಕೆಡವಿದೆ, ದವಡೆ ಒಡೆಯಿತು. ನನ್ನದು ಮುಗಿಯಿತು. ಮೇ ತಿಂಗಳ ಬೆಳಗು ಇನ್ನು ಯಾವ ಯಂತ್ರಕ್ಕೂ ಸಿಗುವುದಿಲ್ಲ.

ನಿನ್ನದು ಮುಗಿದಿಲ್ಲ. ನಿನ್ನ ಕೈ ಇನ್ನೂ ಕಾಗದಕ್ಕೆ ತಾಗುತ್ತದೆ, ಗರಗಸವಾದರೂ ತಟ್ಟೆ ತಟ್ಟೆಯ ಹಾಗೆಯೇ ಕಾಣುತ್ತದೆ. ಆಸ್ಪತ್ರೆಗೆ ನಾಳೆ ಹೋಗು. ಇವತ್ತು ಮಾತ್ರ ಬಾಗಿಲು ಹಾಕಿಕೊಂಡು ಆ ಯಂತ್ರದ ಮುಂದೆ ಕೂತುಕೋ. ಏನು ಬರೆಸಲಿ ಅಂತ ಕೇಳಬೇಡ, ಒಂದು ದವಡೆ ಹಲ್ಲು ಬರೆಸು, ಅದಕ್ಕಿಂತ ಚೆನ್ನಾಗಿ ನಿನಗೆ ಏನು ಬರುತ್ತದೆ. ಬಂದ ಹಾಗೆ ಬಿಡು, ಸವರಬೇಡ. ಪ್ರತಿ ಬೆಳಗ್ಗೆ ಕೂರು. ನಾಳೆ ಬರುವ ಗೆರೆ ಇವತ್ತಿನದರಷ್ಟು ಚೆನ್ನಾಗಿರುವುದಿಲ್ಲ ಅಕ್ಕಾ.

ತಮ್ಮ